ಆಟದ ಗಣಕಯಂತ್ರ: ಹೆಸರಿಗಿಂತ ಹೊಂದಾಣಿಕೆ ಮೇಲು

ಕಾಲೇಜಿನ ಮೆಟ್ಟಿಲೇರುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ. ಓದಿಗೂ ಆಗಬೇಕು, ಆಟಕ್ಕೂ ಆಗಬೇಕು, ಅಂತಹ ಗೇಮಿಂಗ್ ಕಂಪ್ಯೂಟರ್ ಬೇಕು ಎಂಬುದೇ ಆ ಬೇಡಿಕೆ. ಇದು ಹಲವು ಹತ್ತು ಸಾವಿರ ರೂಪಾಯಿಗಳ ಮಾತು. ಮನೆಯಲ್ಲಿ ಆಟ ಇರಬೇಕೋ ಬೇಡವೋ, ಇದ್ದರೆ ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಆಯಾ ಕುಟುಂಬದ ಹಿರಿಯರೇ ನಿರ್ಧರಿಸತಕ್ಕದ್ದು. ಆದರೆ ಕೊಳ್ಳುವುದೆಂದು ನಿಶ್ಚಯಿಸಿದ ಮೇಲೆ, ಬೆವರು ಸುರಿಸಿ ಗಳಿಸಿದ ಹಣಕ್ಕೆ ತಕ್ಕ ವಸ್ತು ಮನೆಗೆ ಬರುವಂತೆ ನೋಡಿಕೊಳ್ಳುವುದೂ ಹಿರಿಯರ ಹೊಣೆಯೇ ಆಗಿದೆ. ಆ ದೃಷ್ಟಿಯಿಂದ ಈ ಸಂಚಿಕೆಯಲ್ಲಿ ಕೆಲವು ಮುಖ್ಯ ಸಂಗತಿಗಳನ್ನು ವಿವೇಚಿಸೋಣ.

ಎರಡು ಅಂಗಗಳ ಕೆಲಸ

ಆಟದ ಗಣಕಯಂತ್ರದಲ್ಲಿ ಮುಖ್ಯವಾಗಿ ಎರಡು ಅಂಗಗಳು ದುಡಿಯುತ್ತವೆ. ಆಟದ ನಿಯಮ, ಪಾತ್ರಗಳ ಚಲನೆ, ಪೆಟ್ಟು-ಪ್ರತಿಪೆಟ್ಟುಗಳ ಲೆಕ್ಕ ಇವೆಲ್ಲವನ್ನೂ ಮಾಡುವುದು ಪ್ರೊಸೆಸರ್. ಆ ಲೆಕ್ಕಕ್ಕೆ ತಕ್ಕಂತೆ ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೂ ಸಿಗುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಇಬ್ಬರಲ್ಲಿ ಯಾರು ತಡಮಾಡಿದರೂ ಚಿತ್ರ ತಡವಾಗುತ್ತದೆ. ನೊಗಕ್ಕೆ ಹೂಡಿದ ಜೋಡೆತ್ತುಗಳಲ್ಲಿ ಒಂದು ಬಲಿಷ್ಠವಾಗಿ ಇನ್ನೊಂದು ಸೊರಗಿದ್ದರೆ ಉಳುಮೆ ಸಾಗುವುದು ಸೊರಗಿದ ಎತ್ತಿನ ನಡಿಗೆಯಲ್ಲಿಯೇ. ಗಣಕಯಂತ್ರದ ಮರ್ಮವೂ ಇದೇ.

ಹೆಸರಿನ ಮೋಹ

'ಐ7 ಇದೆ' ಎಂಬ ಒಂದೇ ಮಾತಿಗೆ ಮರುಳಾಗಿ ಹಣ ತೆತ್ತವರು ಅನೇಕರು. ಇಂಟೆಲ್ ಸಂಸ್ಥೆಯು ಕೋರ್ ಐ7 ಎಂಬ ಹೆಸರನ್ನು ಮಾರುಕಟ್ಟೆಗೆ ತಂದದ್ದು 2008ರಲ್ಲಿ. ಅಲ್ಲಿಂದೀಚೆಗೆ ಅದೇ ಹೆಸರಿನಲ್ಲಿ ಹಲವು ತಲೆಮಾರುಗಳು ಬಂದುಹೋಗಿವೆ. 2011ರ ಕೋರ್ ಐ7-2600 ಮತ್ತು 2022ರ ಕೋರ್ ಐ3-12100 ಇವೆರಡರಲ್ಲೂ ಇರುವುದು ನಾಲ್ಕೇ ಕೋರ್‌ಗಳು. ಹೆಸರಿನಲ್ಲಿ ಐ3 ಕಿರಿಯದು; ಕೆಲಸದಲ್ಲಿ ಅದು ಹಳೆಯ ಐ7ನ್ನು ಬಹಳ ದೂರ ಹಿಂದಿಕ್ಕುತ್ತದೆ. ಅಷ್ಟೇ ಅಲ್ಲ, ವಿಂಡೋಸ್ 10ಕ್ಕೆ ಉಚಿತ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಆ ಹಳೆಯ ಐ7ಗೆ ಸ್ಥಾನವಿಲ್ಲ. ಕಚೇರಿಗಳಿಂದ ಹೊರಬಿದ್ದ ಹಳೆಯ ಯಂತ್ರಗಳಿಗೆ ಬಣ್ಣದ ದೀಪಗಳ ಹೊಸ ಪೆಟ್ಟಿಗೆ ತೊಡಿಸಿ ಮಾರುವವರಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆದ್ದರಿಂದ ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಬೇಕು. 12100 ಎಂಬಲ್ಲಿ ಮೊದಲ ಎರಡು ಅಂಕೆಗಳು ಹನ್ನೆರಡನೆಯ ತಲೆಮಾರನ್ನೂ, 2600 ಎಂಬಲ್ಲಿ ಮೊದಲ ಅಂಕೆಯು ಎರಡನೆಯ ತಲೆಮಾರನ್ನೂ ಸೂಚಿಸುತ್ತವೆ. ಸಂಖ್ಯೆಯ ಕೊನೆಯಲ್ಲಿ 'ಎಫ್' ಎಂಬ ಅಕ್ಷರವಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಶಕ್ತಿಯಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು.

ಹೆಚ್ಚು ಬೆಲೆ, ಹೆಚ್ಚು ಆಟವಲ್ಲ

ಕೋರ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಆಟ ವೇಗವಾಗುತ್ತದೆಂಬ ನಂಬಿಕೆಯೂ ಸರಿಯಲ್ಲ. ಎಎಂಡಿ ಸಂಸ್ಥೆಯ ರೈಜೆನ್ 9 7950ಎಕ್ಸ್ 2022ರಲ್ಲಿ 699 ಡಾಲರ್ ಬೆಲೆಗೆ ಬಂದಿತು. ಅದರಲ್ಲಿ 16 ಕೋರ್‌ಗಳು. ಮರುವರ್ಷ ಅದೇ ಸಂಸ್ಥೆಯ ರೈಜೆನ್ 7 7800ಎಕ್ಸ್3ಡಿ 449 ಡಾಲರಿಗೆ ಬಂದಿತು. ಅದರಲ್ಲಿ 8 ಕೋರ್‌ಗಳು ಮಾತ್ರ. ಆದರೂ ಬಹುಪಾಲು ಆಟಗಳಲ್ಲಿ ಎರಡನೆಯದೇ ಮುಂದಾಯಿತು. ಕಾರಣವೆಂದರೆ ಪ್ರೊಸೆಸರಿನ ಮಗ್ಗುಲಲ್ಲಿಯೇ ಇರುವ 'ಕ್ಯಾಶ್' ಎಂಬ ಪುಟ್ಟ ಉಗ್ರಾಣ. 7800ಎಕ್ಸ್3ಡಿಯಲ್ಲಿ ಆ ಉಗ್ರಾಣದ ಮೂರನೆಯ ಹಂತವೇ 96 ಮೆಗಾಬೈಟ್ ಇದೆ. ಅಡುಗೆಗೆ ಬೇಕಾದುದು ಒಲೆಯ ಪಕ್ಕದ ಗೂಡಿನಲ್ಲಿಯೇ ಸಿಕ್ಕರೆ ಮತ್ತೆ ಮತ್ತೆ ಅಂಗಡಿಗೆ ಓಡಬೇಕಿಲ್ಲವಷ್ಟೆ. ಆದರೆ ವಿಡಿಯೋ ಸಂಕಲನದಂತಹ ಭಾರಿ ಕೆಲಸವೇ ಮುಖ್ಯವಾದ ಮನೆಗೆ 16 ಕೋರ್‌ಗಳದೇ ಹೆಚ್ಚು ಉಪಯುಕ್ತ. ಯಂತ್ರದಿಂದ ಆಗಬೇಕಾದ ಕೆಲಸವೇ ಬೆಲೆಯ ಅಳತೆಗೋಲಾಗಬೇಕು.

ಪರದೆಯನ್ನು ಮೊದಲು ನೋಡಬೇಕು

ಸಾಮಾನ್ಯ ಪರದೆಯಲ್ಲಿ ಅಡ್ಡ 1920, ಉದ್ದ 1080, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 4ಕೆ ಎನಿಸಿಕೊಂಡ ಪರದೆಯಲ್ಲಿ ಇದರ ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ. ಚುಕ್ಕೆಗಳು ಹೆಚ್ಚಿದಷ್ಟೂ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ. ಅಲ್ಲಿ ದುಬಾರಿ ಪ್ರೊಸೆಸರ್ ಹಾಕಿದರೂ ಹೆಚ್ಚಿನ ಲಾಭವಿರದು. ಇನ್ನು ಪರದೆಯೇ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದಾದರೆ, 200 ಚಿತ್ರಗಳನ್ನು ಮೂಡಿಸುವ ಯಂತ್ರಕ್ಕೆ ತೆತ್ತ ಹಣದ ಬಹುಭಾಗ ಕಣ್ಣಿಗೇ ಕಾಣದು. ಆಟವೇ ಮುಖ್ಯ ಉದ್ದೇಶವಾದರೆ, ಪರದೆಯನ್ನು ಬಿಟ್ಟು ಉಳಿದ ವೆಚ್ಚದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಡುವುದು ಬಲ್ಲವರು ಅನುಸರಿಸುವ ಕ್ರಮ.

ಹೋಲಿಕೆಗೆ ಒಂದು ಸುಲಭ ಲೆಕ್ಕವಿದೆ. ಬೆಲೆಯನ್ನು ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯಿಂದ ಭಾಗಿಸಬೇಕು. ಉದಾಹರಣೆಗೆ, 30,000 ರೂಪಾಯಿಯ ಕಾರ್ಡು 75 ಚಿತ್ರಗಳನ್ನು ಕೊಟ್ಟರೆ ಚಿತ್ರವೊಂದಕ್ಕೆ 400 ರೂಪಾಯಿ. 45,000 ರೂಪಾಯಿಯ ಕಾರ್ಡು 90 ಚಿತ್ರಗಳನ್ನು ಕೊಟ್ಟರೆ ಚಿತ್ರವೊಂದಕ್ಕೆ 500 ರೂಪಾಯಿ. ಸರಾಸರಿಯ ಜೊತೆಗೆ, ಅತಿ ನಿಧಾನವಾದ ಶೇಕಡಾ ಒಂದರಷ್ಟು ಚಿತ್ರಗಳ ವೇಗವೆಷ್ಟೆಂಬುದನ್ನೂ ವಿಮರ್ಶೆಗಳಲ್ಲಿ ಗಮನಿಸಬೇಕು. ಆಟ ನಡುನಡುವೆ ತಡವರಿಸುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದು ಅದರಿಂದಲೇ.

ನಾಳೆಯ ಚಿಂತೆ

ಪ್ರೊಸೆಸರ್ ಕೂರುವ ಸಾಕೆಟ್ ಎಷ್ಟು ವರ್ಷ ಚಾಲ್ತಿಯಲ್ಲಿರುತ್ತದೆ ಎಂಬುದೂ ಉಳಿತಾಯದ ವಿಷಯವೇ. 2017ರಲ್ಲಿ ರೈಜೆನ್ ಬಂದಾಗ ಕೊಂಡ ಎಎಂ4 ಮದರ್‌ಬೋರ್ಡುಗಳಲ್ಲಿ ಅನೇಕವು, ಬಯೋಸ್ ನವೀಕರಿಸಿದ ಬಳಿಕ, 2022ರ 5800ಎಕ್ಸ್3ಡಿ ಪ್ರೊಸೆಸರನ್ನು ಸಹ ಸ್ವೀಕರಿಸಿದವು. ಇಡೀ ಯಂತ್ರ ಬದಲಿಸದೆ ಒಂದೇ ಭಾಗ ಬದಲಿಸಿ ಐದು ವರ್ಷಗಳ ಅಂತರವನ್ನು ದಾಟಿದಂತಾಯಿತು.

ಹೆಚ್ಚು ಬೆಲೆಯೇ ಹೆಚ್ಚು ಬಾಳಿಕೆಯೆಂದೂ ತಿಳಿಯಬಾರದು. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು, ವಿಶೇಷವಾಗಿ ಮೇಲ್ದರ್ಜೆಯವು, ಮಿತಿಮೀರಿದ ವೋಲ್ಟೇಜಿನಿಂದ ಕೆಡುತ್ತಿರುವುದನ್ನು ಆ ಸಂಸ್ಥೆಯೇ 2024ರಲ್ಲಿ ಒಪ್ಪಿ, ತಂತ್ರಾಂಶದ ತಿದ್ದುಪಡಿ ಹೊರಡಿಸಿ, ಖಾತರಿಯನ್ನು ಎರಡು ವರ್ಷ ವಿಸ್ತರಿಸಿತು. ಅಂತಹವನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳುವವರು ಬಯೋಸ್ ನವೀಕರಣವಾಗಿದೆಯೇ, ಖಾತರಿ ಉಳಿದಿದೆಯೇ ಎಂದು ವಿಚಾರಿಸುವುದು ಅಗತ್ಯ.

ಅಂಗಡಿಯಲ್ಲಿ ಕೇಳಬೇಕಾದುದು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಾಗಲಿ, ಪ್ರತಿಯೊಂದು ಭಾಗದ ಹೆಸರು, ಪೂರ್ಣ ಸಂಖ್ಯೆ, ಬೆಲೆ, ಖಾತರಿಯ ಅವಧಿ ಇವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. 16 ಜಿಬಿ ಮೆಮೊರಿ ಬೇಕಾದಲ್ಲಿ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ವೇಗಕ್ಕೆ ಅನುಕೂಲ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಸಲ್ಲದು. ಅದು ಕಳಪೆಯಾದರೆ ಉಳಿದ ಬೆಲೆಬಾಳುವ ಭಾಗಗಳಿಗೂ ಅಪಾಯ. ಮನೆಗೆ ತಂದ ಮೇಲೆ ಪರದೆಯ ತಂತಿಯನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಜೋಡಿಸಬೇಕು. ಇಲ್ಲವಾದರೆ ಸಾವಿರಾರು ರೂಪಾಯಿಯ ಕಾರ್ಡು ಪೆಟ್ಟಿಗೆಯೊಳಗೆ ಸುಮ್ಮನೆ ಕುಳಿತಿರುತ್ತದೆ.

ಮಕ್ಕಳು ಕೇಳಿದಾಗ ಗದರಿಸುವುದಕ್ಕಿಂತ, ಅವರನ್ನೇ ಕೂರಿಸಿಕೊಂಡು ಒಂದು ಕಾಗದದ ಮೇಲೆ ಲೆಕ್ಕ ಬರೆಸುವುದು ಒಳಿತು. ಯಾವ ಆಟ, ಯಾವ ಪರದೆ, ಓದಿಗೆ ಯಾವ ಕೆಲಸ, ಒಟ್ಟು ಎಷ್ಟು ಹಣ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯುವಷ್ಟರಲ್ಲಿ ಅರ್ಧ ವಿವೇಚನೆ ತಾನಾಗಿಯೇ ಮುಗಿದಿರುತ್ತದೆ. ಹಣದ ಬೆಲೆ ಮಕ್ಕಳಿಗೆ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿರಲಾರದು.