ಆಮೆಯನ್ನು ಯಾರ ಸುಪರ್ದಿಗೆ ಬಿಡುವುದು?

2025ರ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಮಗನ ದೂರವಾಣಿ ಕರೆ ಬಂದಿತು. "ಅಪ್ಪಯ್ಯ, ನಾವೆಲ್ಲ ನಾಲ್ಕು ವಾರ ಅಮೆರಿಕಕ್ಕೆ ಹೋಗಿ ಬರುತ್ತೇವೆ. ಪುಟ್ಟನ ಆಮೆಯನ್ನು ಕೊಪ್ಪಕ್ಕೆ ತಂದು ಬಿಡುತ್ತೇನೆ. ಅದಕ್ಕೇನೂ ಕೆಲಸವಿಲ್ಲ, ದಿನಕ್ಕೆ ನಾಲ್ಕು ಕಾಳು ಹಾಕಿದರೆ ಸಾಕು" ಎಂದ. ನಾನು ಆಗಲಿ ಎಂದೆ. ಬೇರೇನು ಹೇಳಲು ಸಾಧ್ಯವಿತ್ತು? ಹಳ್ಳಿಯಲ್ಲಿರುವ ತಂದೆತಾಯಿಗಳನ್ನು ಮಕ್ಕಳು ಕೇಳುವುದು ಕೇಳಿದಂತಲ್ಲ, ತಿಳಿಸಿದಂತೆ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಈಗ ಕೇಳುವ ಸ್ಥಾನದಲ್ಲಿದ್ದೀರಿ, ಕೆಲವರಾದರೂ ಹೂಂಗುಟ್ಟುವ ಸ್ಥಾನಕ್ಕೆ ಬಂದಿದ್ದೀರಿ. ಆದ್ದರಿಂದಲೇ ಈ ವಿಷಯವನ್ನು ಬರೆಯಬೇಕೆನಿಸಿತು.

ಬಂದ ಅತಿಥಿ ಅಂಗೈಗಿಂತ ತುಸು ದೊಡ್ಡದು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಎರಡೂ ಕಡೆ ಕುಂಕುಮವೆಳೆದಂತೆ ಕೆಂಪು ಪಟ್ಟೆ. ಇಂಗ್ಲಿಷಿನಲ್ಲಿ ರೆಡ್ ಇಯರ್ಡ್ ಸ್ಲೈಡರ್ ಎನ್ನುತ್ತಾರೆ. ಅದರ ಮೂಲ ಅಮೆರಿಕದ ಮಿಸಿಸಿಪಿ ನದಿಯ ಸೀಮೆ. ಅದರ ಯಜಮಾನರು ಅದರ ತವರಿಗೆ ಪ್ರವಾಸ ಹೋಗಿ, ಅದನ್ನು ಮಾತ್ರ ಕೊಪ್ಪದಲ್ಲಿ ಬಿಟ್ಟರಲ್ಲ ಎಂದು ನನ್ನಾಕೆ ನಕ್ಕಳು. ಜೊತೆಗೆ ಒಂದು ಗಾಜಿನ ತೊಟ್ಟಿ, ಒಂದು ಬಿಸಿ ದೀಪ, ಕಾಳಿನ ಡಬ್ಬಿ, ಮೊಮ್ಮಗ ದುಂಡಗೆ ಬರೆದ ಒಂದು ಚೀಟಿ: "ಅಜ್ಜ, ಇದಕ್ಕೆ ಭಯವಾದರೆ ಒಳಗೆ ಹೋಗುತ್ತೆ, ಕರೆಯಬೇಡಿ." ಹಿರಿಯರು ಬರೆಯದೆ ಬಿಟ್ಟದ್ದನ್ನು ಹುಡುಗ ಬರೆದಿದ್ದ.

ಎರಡು ವಾರ ಸುಖವಾಗಿಯೇ ಕಳೆಯಿತು. ಮೇ ಕೊನೆಯ ವಾರದಲ್ಲಿ ಮಳೆ ಹಿಡಿಯಿತು. ಆ ವರ್ಷ ಮುಂಗಾರು ಬೇಗ ಬಂದದ್ದು ಎಲ್ಲರಿಗೂ ನೆನಪಿರಬಹುದು. ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟು ಹೋಯಿತು. ಮಲೆನಾಡಿನವರಿಗೆ ಇದೇನು ಹೊಸತಲ್ಲ. ನಾವು ಸೀಮೆಎಣ್ಣೆ ಬುಡ್ಡಿಯಲ್ಲಿ ಓದಿದವರು. ಆದರೆ ದೀಪದ ಬಿಸಿಯಿಂದ ಬದುಕುವ ಪ್ರಾಣಿಗೆ ಅದು ಪ್ರಾಣಸಂಕಟ. ಒಂಬತ್ತನೆಯ ತರಗತಿಗೆ ಎಷ್ಟೋ ವರ್ಷ ನಾನೇ ಹೇಳಿದ ಪಾಠ: ಸರೀಸೃಪಗಳು ಶೀತರಕ್ತ ಪ್ರಾಣಿಗಳು, ಅವುಗಳ ದೇಹದ ಉಷ್ಣತೆ ಪರಿಸರವನ್ನು ಅವಲಂಬಿಸಿರುತ್ತದೆ. ಹಲಗೆಯ ಮೇಲೆ ಬರೆದು ಒರೆಸಿದ ಆ ವಾಕ್ಯದ ಅರ್ಥ ನನಗೆ ಆದದ್ದು, ತಣ್ಣನೆಯ ನೀರಿನಲ್ಲಿ ಕಣ್ಣು ಮುಚ್ಚಿ ಅಲುಗದೆ ಕುಳಿತ ಆ ಜೀವವನ್ನು ನೋಡಿದಾಗ. ಏನೂ ತಿನ್ನುತ್ತಿಲ್ಲವೆಂದು ಕೆಲಸಕ್ಕೆ ಬರುವಾಕೆ ಮರುಕದಿಂದ ಅನ್ನದ ಅಗುಳು, ದೋಸೆಯ ಚೂರು ಹಾಕಿದ್ದಳು. ನೀರು ನಾರತೊಡಗಿತ್ತು.

ಪಶುವೈದ್ಯನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕರೆ ಮಾಡಿದೆ. "ಸರ್, ತಿನ್ನಿಸಲು ಹೋಗಬೇಡಿ" ಎಂಬುದೇ ಅವನ ಮೊದಲ ಮಾತು. ಮೈ ತಣ್ಣಗಿರುವಾಗ ಆಮೆಗೆ ಆಹಾರ ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ಬೆಳೆದ ಆಮೆ ಕೆಲವು ದಿನ ಉಪವಾಸವಿದ್ದರೆ ಸಾಯದು, ಚಳಿಯಲ್ಲಿ ಬಿಟ್ಟರೆ ಶ್ವಾಸಕೋಶದ ಕಾಯಿಲೆ ಹಿಡಿಯುತ್ತದೆ ಎಂದ. ಬೆಚ್ಚಗಿನ ಜಾಗ ಯಾವುದಿದೆ ಎಂದು ಕೇಳಿದ. ನಮ್ಮ ಮನೆಯಲ್ಲಿ ಇನ್ನೂ ಬಚ್ಚಲ ಒಲೆ ಉರಿಯುತ್ತದೆ, ತಾಮ್ರದ ಹಂಡೆಯಿದೆ. ತೊಟ್ಟಿಯನ್ನು ಹೊಗೆ ತಾಗದಷ್ಟು ದೂರದಲ್ಲಿ ಅಲ್ಲಿಯೇ ಇಟ್ಟೆವು. ಮರುದಿನ ಸಂಜೆಯ ಹೊತ್ತಿಗೆ ಅದು ಕಲ್ಲಿನ ಮೇಲೆ ಹತ್ತಿ ಹಂಡೆಯ ಕಡೆ ಕತ್ತು ಚಾಚಿ ಕುಳಿತಿತ್ತು. ಅಷ್ಟು ಸಂತೋಷ ನನಗೆ ಈಚೆಗೆ ಆದದ್ದು ನೆನಪಿಲ್ಲ.

ಈ ಮೂರು ದಿನಗಳಲ್ಲಿ ಸಲಹೆಗಳಿಗೇನೂ ಕೊರತೆಯಿರಲಿಲ್ಲ. "ಮೇಷ್ಟ್ರೇ, ಯಾಕೆ ಒದ್ದಾಡ್ತೀರಿ? ಹರಿಹರಪುರದ ಹತ್ತಿರ ತುಂಗೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ" ಎಂದರು ನೆರೆಯವರು. ಒಂದು ಕ್ಷಣ ನನ್ನ ಮನಸ್ಸೂ ವಾಲಿತೆಂದು ಒಪ್ಪಿಕೊಳ್ಳುತ್ತೇನೆ. ಶೃಂಗೇರಿಯ ಮೆಟ್ಟಿಲುಗಳ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು. ಬಸುರಿ ಕಪ್ಪೆಗೆ ಸರ್ಪ ಹೆಡೆಯ ನೆರಳು ಕೊಟ್ಟ ಕಥೆಯ ಕಪ್ಪೆಶಂಕರ ಇರುವುದೂ ಆ ನದಿಯ ದಡದಲ್ಲಿಯೇ. ತುಂಗೆ ಎಲ್ಲರನ್ನೂ ಸಲಹುತ್ತಾಳೆಂಬ ನಂಬಿಕೆ ನಮ್ಮ ರಕ್ತದಲ್ಲಿದೆ. ಆದರೆ ಈ ಆಮೆಯ ವಿಷಯದಲ್ಲಿ ಆ ದಯೆ ದಯೆಯಲ್ಲ. ಜಗತ್ತಿನ ಅತ್ಯಂತ ಹಾನಿಕರವಾದ 100 ಆಕ್ರಮಣಕಾರಿ ಅನ್ಯಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಬಿಸಿಲು ಕಾಯುವ ಬಂಡೆ, ಆಹಾರ, ಎಲ್ಲಕ್ಕೂ ಇದು ಸ್ಥಳೀಯ ಆಮೆಗಳೊಡನೆ ಪೈಪೋಟಿಗಿಳಿಯುತ್ತದೆ, ರೋಗವನ್ನೂ ಹರಡಬಲ್ಲದು. ಯುರೋಪಿನ ಒಕ್ಕೂಟ 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತು. ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆಯವರು ಜನರು ಸಾಕಲಾರದೆ ಹೋದ ಇಂಥ ಆಮೆಗಳನ್ನು ಸಂಗ್ರಹಿಸುವ ಕೆಲಸಕ್ಕೆ ಇಳಿಯಬೇಕಾಯಿತು. ತುಂಗೆಗೆ ಬಿಟ್ಟದ್ದು ತುಂಗೆಯಲ್ಲಿಯೇ ನಿಲ್ಲುವುದೂ ಇಲ್ಲ; ಕೂಡಲಿಯಲ್ಲಿ ಭದ್ರೆಯೂ ಸೇರುತ್ತಾಳೆ.

ಇಲ್ಲಿ ಹಳೆಯದೊಂದು ನೆನಪು. 1987ರಲ್ಲಿ ನಾನು ನರಸಿಂಹರಾಜಪುರದಲ್ಲಿ ಸೇವೆಯಲ್ಲಿದ್ದಾಗ ಪರಿಚಿತರೊಬ್ಬರ ಮನೆಯಲ್ಲಿ ನಕ್ಷತ್ರ ಆಮೆಯೊಂದಿತ್ತು. ಅದೃಷ್ಟ ತರುತ್ತದೆಂದು ಬಯಲುಸೀಮೆಯಿಂದ ಯಾರೋ ತಂದುಕೊಟ್ಟದ್ದು. ಒಣ ಕುರುಚಲು ಕಾಡಿನ ಪ್ರಾಣಿ ಅದು. ಆಷಾಢದಲ್ಲಿ ಮನೆಯವರು ಹದಿನೈದು ದಿನ ಊರಿಗೆ ಹೋದರು. ನೆರೆಮನೆಯವರು ಅಂಗಳದ ಒದ್ದೆ ನೆಲದಲ್ಲಿ ಬುಟ್ಟಿ ಮುಚ್ಚಿಟ್ಟು ದಿನವೂ ಸೊಪ್ಪು ಹಾಕಿದರು. ಯಾರದೂ ಕೆಟ್ಟ ಮನಸ್ಸಲ್ಲ. ಮೂಗಿನಲ್ಲಿ ನೊರೆ ಬಂದು ಅದು ಸತ್ತಿತು. ವಿಜ್ಞಾನದ ಮೇಷ್ಟ್ರಾದ ನಾನೂ ಆ ಬುಟ್ಟಿಯನ್ನು ದಿನವೂ ನೋಡಿಕೊಂಡೇ ಶಾಲೆಗೆ ಹೋಗುತ್ತಿದ್ದೆ. 2022ರ ತಿದ್ದುಪಡಿಯಿಂದ ನಕ್ಷತ್ರ ಆಮೆ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಮನೆಯಲ್ಲಿ ಇಟ್ಟುಕೊಂಡರೆ ಸೆರೆಮನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಯಾರ ಸುಪರ್ದಿಗೂ ಕೊಡುವ ಪ್ರಶ್ನೆಯಿಲ್ಲ, ಅರಣ್ಯ ಇಲಾಖೆಗೆ ತಿಳಿಸಿ.

ಹಾಗಾದರೆ ಮಾಡಬೇಕಾದುದೇನು? ಹಸುವನ್ನು ಬಿಟ್ಟುಹೋಗುವಾಗ ನಮ್ಮ ಹಿರಿಯರು ಹಾಲು ಕರೆಯಲು ಬರುವವನನ್ನು ನಾಲ್ಕು ದಿನ ಮೊದಲೇ ಕೊಟ್ಟಿಗೆಗೆ ಕರೆಸಿ ಪರಿಚಯ ಮಾಡಿಸುತ್ತಿದ್ದರು. ಹಸು ತನ್ನ ಕಷ್ಟವನ್ನು ಕೂಗಿ ಹೇಳುತ್ತದೆ, ನಾಯಿ ಊಟ ಬಿಟ್ಟು ಮುನಿಯುತ್ತದೆ. ಆಮೆ ಏನೂ ಹೇಳುವುದಿಲ್ಲ. ಆದ್ದರಿಂದ ನೋಡಿಕೊಳ್ಳುವವರಿಗೆ ಮೊದಲೇ ಒಂದು ದಿನ ಎಲ್ಲವನ್ನೂ ಕಣ್ಣಾರೆ ತೋರಿಸಬೇಕು. ಕಾಳನ್ನು ಡಬ್ಬಿಯಲ್ಲಿ ಕೊಡದೆ ದಿನಕ್ಕೊಂದರಂತೆ ಪೊಟ್ಟಣ ಕಟ್ಟಿಕೊಟ್ಟರೆ ಅತಿಯಾಗಿ ಹಾಕುವ ಭಯವಿಲ್ಲ. ಕರೆಂಟು ಹೋದರೆ ಏನು ಮಾಡಬೇಕು, ಯಾವ ವೈದ್ಯರಿಗೆ ಫೋನ್ ಮಾಡಬೇಕು, ಇದನ್ನು ಬರೆದಿಡಬೇಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕೆಂದೂ, ತೊಟ್ಟಿಯನ್ನು ಅಡಿಗೆಮನೆಯಲ್ಲಿ ತೊಳೆಯಬಾರದೆಂದೂ ಹೇಳಬೇಕು. ಆಮೆಗಳ ಮೈಮೇಲಿನ ಸಾಲ್ಮೊನೆಲ್ಲಾದಿಂದ ಮಕ್ಕಳು ಕಾಯಿಲೆ ಬೀಳುತ್ತಾರೆಂದು ಅಮೆರಿಕದಲ್ಲಿ 1975ರಲ್ಲಿಯೇ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಬೇಡವೆನ್ನುವ ಸ್ವಾತಂತ್ರ್ಯ ಇರುವವರನ್ನು ಕೇಳಬೇಕು. ವೃದ್ಧ ತಂದೆತಾಯಿ, ಮನೆಗೆಲಸದಾಕೆ, ಕೈಕೆಳಗಿನ ನೌಕರ, ಇವರು ಒಪ್ಪಿದರೆಂಬುದು ಒಪ್ಪಿಗೆಯಲ್ಲ.

ಮಗ ಹಿಂತಿರುಗಿ ಬಂದಾಗ ಇದನ್ನೆಲ್ಲ ಹೇಳಿದೆ. ಮತ್ತೊಂದು ಲೆಕ್ಕವನ್ನೂ ಮುಂದಿಟ್ಟೆ: ಚೆನ್ನಾಗಿ ನೋಡಿಕೊಂಡರೆ ಈ ಆಮೆ ಮೂವತ್ತು ವರ್ಷ ಬದುಕಬಹುದು. ನನಗೀಗ ಅರವತ್ತೇಳು. ಪುಟ್ಟ ಕಾಲೇಜಿಗೆ ಹೋಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಬಹುಶಃ ವಿದೇಶಕ್ಕೂ ಹೋಗುತ್ತಾನೆ. ಆಗ? ಅಂಗಡಿಯಲ್ಲಿ ಹಣ ಕೊಡುವಾಗ ಈ ಪ್ರಶ್ನೆ ಬರಲಿಲ್ಲ ಎಂದ ಮಗ. ತುಸು ಮುಖ ಸಣ್ಣದು ಮಾಡಿಕೊಂಡ. ನನಗೂ ಹೆಚ್ಚಾಯಿತೇನೋ ಎನಿಸಿತು.

ಡಿಸೆಂಬರಿನಲ್ಲಿ ಅವರು ಮತ್ತೆ ಒಂದು ವಾರ ಹೊರಟರು. ಈ ಬಾರಿ ಫೋನಿನಲ್ಲಿ, "ಅಪ್ಪಯ್ಯ, ನಿಮಗಾಗುತ್ತದೆಯೇ? ಆಗದಿದ್ದರೆ ಇಲ್ಲಿಯೇ ಒಬ್ಬರಿದ್ದಾರೆ, ಅವರೂ ಇದನ್ನೇ ಸಾಕಿದ್ದಾರೆ, ಪುಟ್ಟನ ಜೊತೆ ಹೋಗಿ ಮಾತಾಡಿ ಬಂದೆ" ಎಂದ. ಆಗದು ಎಂದೆ. ಮಗನಿಗೆ ಹಾಗೆ ಹೇಳಿದ್ದು ನನ್ನ ಆಯುಷ್ಯದಲ್ಲಿ ಎರಡನೆಯ ಸಲವೋ ಮೂರನೆಯ ಸಲವೋ. ಫೋನ್ ಇಟ್ಟ ಮೇಲೆ ನೋಡಿದರೆ ನನ್ನಾಕೆ ಬಚ್ಚಲ ಒಲೆಯ ಪಕ್ಕದ ಜಾಗವನ್ನು ಆಗಲೇ ಗುಡಿಸಿ ಇಟ್ಟಿದ್ದಳು.