ಗರಸು ಹಾದಿಯ ಕೊನೆಯ ಸವಾರ

ಸೈಕಲ್ ಸವಾರಿಯು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಕಳೆದ ಮಾಗಿಯ ಒಂದು ಭಾನುವಾರದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆನೇನೋ. ಅಂದು ನೆರೆಮನೆಯ ತರುಣನೊಬ್ಬನ ಒತ್ತಾಯಕ್ಕೆ ಮಣಿದು, ನಮ್ಮ ನಗರದ ಪಶ್ಚಿಮಕ್ಕಿರುವ ಗಂಡಿಪೇಟೆ, ಚಿಲ್ಕೂರುಗಳ ಕಡೆಗೆ ಹೊರಟ ಒಂದು ಸೈಕಲ್ ಸಂಚಾರದಲ್ಲಿ ನಾನೂ ಸೇರಿಕೊಂಡೆ. ಸುಮಾರು ಮೂವತ್ತು ಮಂದಿ. ಮೂವತ್ತೈದು ಕಿಲೋಮೀಟರಿನ ದಾರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡಾಂಬರು ಕಾಣದ ಗರಸು ಹಾದಿ. ಇದು ಪಂದ್ಯವಲ್ಲ, ಇಲ್ಲಿ ಗೆಲ್ಲುವವರೂ ಇಲ್ಲ ಸೋಲುವವರೂ ಇಲ್ಲ ಎಂದು ಹೊರಡುವ ಮೊದಲೇ ಸಂಘಟಕರು ಸಾರಿದರು. ಆ ದಿನ ನಾನು ಕಲಿತ ಒಂದು ಮಾತನ್ನು ನಮ್ಮ ಶಾಲೆಯ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಗರಸು ಹಾದಿಯ ಸವಾರಿಗೆ ಒಂದು ವಿಚಿತ್ರವಾದ ಚರಿತ್ರೆ ಉಂಟು. 1880ರಲ್ಲಿ ಅಮೆರಿಕದ ಸೈಕಲ್ ಸವಾರರು ಸಂಘವೊಂದನ್ನು ಕಟ್ಟಿದರು. ಮುಂದೆ ಅವರೇ ಒಳ್ಳೆಯ ರಸ್ತೆಗಳು ಬೇಕೆಂದು ಚಳವಳಿ ನಡೆಸಿದರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ಕ್ರಮೇಣ ರಸ್ತೆಗಳು ನುಣುಪಾದುವು. ಆದರೆ ಆ ನುಣುಪಿನ ಮೇಲೆ ಮೋಟಾರುಗಳು ಬಂದು ಸೈಕಲ್ಲನ್ನೇ ಅಂಚಿಗೆ ನೂಕಿದುವು. ಸೈಕಲ್ ಸವಾರರು ಬೇಡಿ ಪಡೆದ ದಾರಿಯನ್ನು ಬಿಟ್ಟು ಮತ್ತೆ ಮಣ್ಣಿನ ದಾರಿಯನ್ನು ಹುಡುಕಬೇಕಾಯಿತು. 1997ರಲ್ಲಿ ಇಟಲಿಯ ಟಸ್ಕನಿಯಲ್ಲಿ ಬಿಳಿಯ ಜಲ್ಲಿ ಹಾದಿಗಳು ಡಾಂಬರಿನಡಿ ಮುಚ್ಚಿಹೋಗದಿರಲೆಂದು ಹಳೆಯ ಸೈಕಲ್ಲುಗಳ ‘ಎರೋಯಿಕಾ’ ಸವಾರಿ ಆರಂಭವಾಯಿತು. 2006ರಲ್ಲಿ ಅಮೆರಿಕದ ಕ್ಯಾನ್ಸಾಸ್ ಪ್ರಾಂತದಲ್ಲಿ 200 ಮೈಲಿಗಳ ಗರಸು ಪಂದ್ಯವೊಂದು ಮೊದಲಾಯಿತು. 2022ರಿಂದ ಇದಕ್ಕೆ ವಿಶ್ವ ಚಾಂಪಿಯನ್ ಪಟ್ಟವೂ ಉಂಟು.

ನಾವು ಹೊರಟುದು ನಾರ್ಸಿಂಗಿಯ ಬಳಿಯಿಂದ. ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರ ಅಕ್ಟೋಬರಿನಲ್ಲಿ ತೆರೆದ ಸೈಕಲ್ ಪಥ ಅಲ್ಲಿದೆ. 23 ಕಿಲೋಮೀಟರುಗಳ ಆ ಪಥಕ್ಕೆ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ತಯಾರಿಸುವ ಫಲಕಗಳೇ ಚಾವಣಿ. ಕೋಕಾಪೇಟೆಯಲ್ಲಿ ಮುಗಿಲು ಮುಟ್ಟುವ ಕಟ್ಟಡಗಳು ಏಳುತ್ತಿವೆ. ಅವುಗಳನ್ನು ಕಟ್ಟುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರುಗಳ ನಮ್ಮ ಜನರೂ ಇದ್ದಾರೆ. ಅಲ್ಲಿಂದ ಮುಂದೆ ಸಿಗುವುದು ಗಂಡಿಪೇಟೆಯ ಕೆರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ಹಾಳುಗೆಡವಿದಾಗ, ಮರುವರ್ಷ ಇಲ್ಲಿಗೆ ಬಂದು ಪರಿಹಾರ ಸೂಚಿಸಿದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ಉಸ್ಮಾನ್ ಸಾಗರವನ್ನೇ ಜನರು ಗಂಡಿಪೇಟೆ ಎನ್ನುವರು. ಪಾಠಪುಸ್ತಕದಲ್ಲಿ ಅವರ ಚಿತ್ರವನ್ನು ತೋರಿಸುವ ನಾನು, ಅವರ ಕೆಲಸವನ್ನು ಕಣ್ಣಾರೆ ಕಂಡುದು ಅಂದೇ ಮೊದಲು. ಬಸ್ಸಿನಲ್ಲಿ ಎಷ್ಟೋ ಸಲ ಆ ದಿಕ್ಕಿಗೆ ಹೋಗಿದ್ದೆ, ಕಂಡಿರಲಿಲ್ಲ.

ಜೊತೆಯವರ ಸೈಕಲ್ಲುಗಳು ಗರಸಿಗಾಗಿಯೇ ನಿರ್ಮಿಸಿದವು. ಹೆದ್ದಾರಿಯ ಪಂದ್ಯದ ಸೈಕಲ್ಲಿಗೆ 25 ಅಥವಾ 28 ಮಿಲಿಮೀಟರ್ ಅಗಲದ ಟೈರು. ಇವುಗಳಿಗೆ 40 ಮಿಲಿಮೀಟರಿನದು. ಅಗಲವಾದ ಟೈರಿನಲ್ಲಿ ಗಾಳಿಯನ್ನು ಕಡಿಮೆ ಇಟ್ಟರೆ ಅದು ಕಲ್ಲನ್ನು ಎದುರಿಸಿ ಪುಟಿಯದೆ ಅದರ ಮೇಲೆ ಬಾಗಿ ಸಾಗುತ್ತದೆ. ನನ್ನದೋ ಹಳೆಯ ಕಪ್ಪು ಸೈಕಲ್ಲು. ಅದನ್ನು ಕಂಡು ಯಾರಾದರೂ ನಕ್ಕಾರೆಂಬ ಸಂಕೋಚ ನನಗಿತ್ತು. ಆದರೆ ಸಂಘಟಕರೊಬ್ಬರು ಅದರ ಟೈರನ್ನು ಹಿಡಿದು ನೋಡಿ, ‘ಒಂದೂವರೆ ಅಂಗುಲ; ನಮ್ಮದೂ ಇಷ್ಟೇ ಅಲ್ಲವೇ?’ ಎಂದರು. ಹಾಲು ಮಾರುವವನೂ ಅಂಚೆಯವನೂ ಒಕ್ಕಲಿಗನೂ ತುಳಿದ ಈ ಬಡ ವಾಹನವು, ಹೆಸರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಗರಸು ಹಾದಿಯ ಸೈಕಲ್ಲಾಗಿತ್ತು! ಭಾರ ಮಾತ್ರ ಹೆಚ್ಚು, ಗೇರುಗಳೂ ಇಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕೆಟ್ಟ ದಾರಿಯನ್ನು ವಿನೋದವೆಂದು ಹೊಗಳುವುದು ಹೊಟ್ಟೆ ತುಂಬಿದವರ ಆಟವಲ್ಲವೇ? ಈ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಂಡೆ. ನನ್ನ ಊರು ಸೇಡಂ ತಾಲ್ಲೂಕಿನ ಕಾಗಿಣಾ ತೀರದ ಒಂದು ಹಳ್ಳಿ. ಅಲ್ಲಿಯದು ಎರೆಭೂಮಿ. ಮಳೆ ಬಿದ್ದರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲು ನಿಂತುಬಿಡುತ್ತಿತ್ತು. ಕೆರೆದು ತೆಗೆಯಲು ನಾವು ಕೋಲನ್ನು ಜೊತೆಗೇ ಒಯ್ಯುತ್ತಿದ್ದೆವು. ಗರಸು ಹಾಕಿದ ದಿನವೇ ನಮಗೆ ಹಬ್ಬ. ಡಾಂಬರು ಬಿದ್ದಾಗ ಊರಿಗೆ ಊರೇ ಹಿಗ್ಗಿತು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸುವ ವೇಳೆಗೆ ನಾನು ಪ್ರೌಢಶಾಲೆಯನ್ನು ದಾಟಿದ್ದೆ. ನನ್ನ ತಂಗಿಗೆ ಅದು ದೊರೆಯಿತು, ಅವಳ ಓದು ಮುಂದುವರಿಯಿತು. ಆದುದರಿಂದ ಹಳ್ಳಿಗೆ ಒಳ್ಳೆಯ ರಸ್ತೆ ಬೇಡವೆಂದು ನಾನು ಎಂದೂ ಹೇಳಲಾರೆ. ನನ್ನ ಮಾತು ಹಾದಿಯ ವಿಷಯವಾಗಿ ಅಲ್ಲ, ಆ ಹಾದಿಯಲ್ಲಿ ಜೊತೆಯಾಗಿ ಸಾಗುವ ಕ್ರಮದ ವಿಷಯವಾಗಿ.

ಆ ಕ್ರಮವೇನೆಂಬುದು ನನಗೆ ತಿಳಿದುದು ಚಿಲ್ಕೂರಿನಿಂದ ಆಚೆಗೆ ಒಂದು ಏರಿನಲ್ಲಿ. ಸಡಿಲವಾದ ಕಲ್ಲಿನ ಮೇಲೆ ಹಿಂದಿನ ಚಕ್ರ ಜಾರತೊಡಗಿತು; ನಾನು ಇಳಿದು ತಳ್ಳಿದೆ. ಮುಂದಿನವರ ಧೂಳೂ ಅಡಗಿಹೋಯಿತು. ಇನ್ನು ನಾನೊಬ್ಬನೇ ಎಂದು ಹಿಂದಿರುಗಿ ನೋಡಿದರೆ, ಮಧ್ಯವಯಸ್ಸಿನ ಮಹಿಳೆಯೊಬ್ಬರು ನಿಧಾನವಾಗಿ ಬರುತ್ತಿದ್ದರು. ಅವರು ನನಗಿಂತ ಚೆನ್ನಾಗಿ ತುಳಿಯಬಲ್ಲವರು. ‘ನನ್ನ ಕೆಲಸವೇ ಕೊನೆಯಲ್ಲಿರುವುದು, ಆತುರಪಡಬೇಡಿ’ ಎಂದು ತೆಲುಗಿನಲ್ಲಿ ಹೇಳಿದರು. ದೂರ ನೋಡಿ, ಕಲ್ಲನ್ನೇ ನೋಡಬೇಡಿ. ಹಿಡಿಯನ್ನು ಸಡಿಲವಾಗಿ ಹಿಡಿಯಿರಿ. ಕಲ್ಲಿನ ಮೇಲೆ ಬ್ರೇಕನ್ನು ಥಟ್ಟನೆ ಒತ್ತಬೇಡಿ ಎಂದು ಅವರು ಕಲಿಸಿದರು. ಇನ್ನೊಬ್ಬರ ಮುಂದೆ ಅವಮಾನವಾಗದಂತೆ ಕಲಿಸುವುದು ಎಷ್ಟು ಕಷ್ಟವೆಂಬುದನ್ನು ಉಪಾಧ್ಯಾಯನಾದ ನಾನು ಬಲ್ಲೆ.

ಮುಂದೆ ದಾರಿ ಕವಲೊಡೆಯುವಲ್ಲಿ ಎಲ್ಲರೂ ಒಂದು ಮರದ ನೆರಳಿನಲ್ಲಿ ನಿಂತಿದ್ದರು. ನಾನು ಸೇರಿದ ಕೂಡಲೇ ಹೊರಡುವರೆಂದು ಭಾವಿಸಿ ಇಳಿಯದೆ ಕಾಲೂರಿ ನಿಂತೆ. ಯಾರೂ ಹೊರಡಲಿಲ್ಲ. ಸಂಘಟಕರು ನನಗೆ ನೀರು ಕೊಟ್ಟು, ‘ನಾವು ಹತ್ತು ನಿಮಿಷ ವಿಶ್ರಮಿಸಿದೆವು, ನಿಮ್ಮ ಹತ್ತು ನಿಮಿಷ ಈಗ ಆರಂಭ’ ಎಂದರು.

ಓದುಗರೇ, ಆ ಮಾತು ನನ್ನನ್ನು ಇರಿಯಿತು. ಮುಂದೆ ಹೋದವನು ಕಾಯುವಾಗ ವಿಶ್ರಮಿಸುತ್ತಾನೆ. ವಿಶ್ರಾಂತಿ ಎಲ್ಲರಿಗಿಂತ ಹೆಚ್ಚಾಗಿ ಬೇಕಾದವನು ಕೊನೆಯವನು. ಅವನು ಬಂದೊಡನೆ ಹೊರಟುಬಿಟ್ಟರೆ ಕಾಯುವಿಕೆಯು ಕೇವಲ ತೋರಿಕೆಯಾಗುತ್ತದೆ. ಅವನು ಇನ್ನಷ್ಟು ಹಿಂದೆ ಬೀಳುತ್ತಾನೆ, ಕೊನೆಗೆ ತನ್ನನ್ನೇ ಹಳಿದುಕೊಂಡು ಮನೆಗೆ ತಿರುಗುತ್ತಾನೆ.

ಎರಡು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆತಾಯಿಗಳು ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹೊಲದ ಕೆಲಸಕ್ಕೆಂದು ಊರಿಗೆ ಹೋದ ಅವನು ಒಂದು ತಿಂಗಳು ತಡವಾಗಿ ಬಂದ. ತಪ್ಪಿದ ಪಾಠಗಳ ಟಿಪ್ಪಣಿಯನ್ನು ಅವನ ಕೈಗೆ ಕೊಟ್ಟು, ಅಂದೇ ಹೊಸ ಪಾಠವನ್ನು ಆರಂಭಿಸಿದೆ. ಅವನಿಗಾಗಿ ಟಿಪ್ಪಣಿ ಬರೆದಿಟ್ಟೆನೆಂಬ ಹೆಮ್ಮೆಯೂ ನನಗಿತ್ತು. ಅವನು ವ್ಯಾಕರಣದ ಒಂದು ಪ್ರಶ್ನೆ ಕೇಳಿದಾಗ, ‘ನಿನಗಾಗಿ ತರಗತಿ ನಿಲ್ಲಲಾರದು’ ಎಂದುಬಿಟ್ಟೆ. ಮತ್ತೆ ಅವನು ಏನನ್ನೂ ಕೇಳಲಿಲ್ಲ. ದಸರಾ ರಜೆಯ ತರುವಾಯ ಬರಲೂ ಇಲ್ಲ. ಪಾಠಗಳು ಕಾಲಕ್ಕೆ ಸರಿಯಾಗಿ ಮುಗಿದುವು. ನನಗೆ ಯಾರಿಂದಲೂ ಆಕ್ಷೇಪಣೆ ಬರಲಿಲ್ಲ. ಕೋಕಾಪೇಟೆಯ ಕಟ್ಟಡಗಳ ಪಕ್ಕದಲ್ಲಿ ಹಿಂದಿರುಗುವಾಗ, ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹುಡುಗರ ಮುಖಗಳನ್ನು ನಾನು ಒಂದೊಂದಾಗಿ ನೋಡಿದೆ. ಅವನಿರಲಿಲ್ಲ.

ಈ ಮಹಾನಗರದಲ್ಲಿ ಕನ್ನಡದಲ್ಲಿ ಓದುವ ಮಕ್ಕಳು ಕೆಲವರೇ. 1956ರ ನವೆಂಬರ್ 1ಕ್ಕೆ ಮೊದಲು ಬೀದರ, ಕಲಬುರಗಿ, ರಾಯಚೂರುಗಳಿಗೂ ಇದೇ ರಾಜಧಾನಿಯಾಗಿತ್ತು. ಇಂದು ಇಲ್ಲಿ ಕನ್ನಡ ಶಾಲೆಯೆಂದರೆ ಒಂದು ಚಿಕ್ಕ ತಂಡ. ಚಿಕ್ಕ ತಂಡದಲ್ಲಿ ಒಬ್ಬನನ್ನು ಕಳೆದುಕೊಂಡರೆ ಆಗುವ ನಷ್ಟವನ್ನು ಭಾಷಣಗಳಿಂದ ತುಂಬಲಾಗದು.

ಆದುದರಿಂದ ನನ್ನ ಸೂಚನೆ ಎರಡು. ಮೊದಲನೆಯದು: ಮಾಗಿಯಲ್ಲಿ ವರ್ಷಕ್ಕೊಮ್ಮೆ ನಮ್ಮ ಶಾಲೆಯಿಂದ ಗಂಡಿಪೇಟೆಯ ಕಡೆಗೆ ಒಂದು ಸೈಕಲ್ ಸಂಚಾರ ಏರ್ಪಡಲಿ. ಯಾವ ಸೈಕಲ್ಲಾದರೂ ಆದೀತು. ಇಲ್ಲದವರಿಗೆ ಬಾಡಿಗೆಗೆ ತರೋಣ. ತಲೆಗೆ ಹೆಲ್ಮೆಟ್ ಮಾತ್ರ ಕಡ್ಡಾಯವಿರಲಿ. ಬಹುಮಾನ ಬೇಡ. ಹಿರಿಯ ವಿದ್ಯಾರ್ಥಿಗಳು ಸರದಿಯಂತೆ ಕೊನೆಯಲ್ಲಿರಲಿ. ಎರಡನೆಯದು ಇದಕ್ಕಿಂತ ಮುಖ್ಯವಾದುದು: ಊರಿಗೆ ಹೋಗಿ ತಡವಾಗಿ ಬಂದ ವಿದ್ಯಾರ್ಥಿಗೆ, ಅವನು ಬಂದ ದಿನದಿಂದ ಎರಡು ವಾರಗಳ ಕಾಲ ಹೊಸ ಪಾಠದ ಪರೀಕ್ಷೆಯಿಲ್ಲದೆ, ಒಬ್ಬ ಉಪಾಧ್ಯಾಯನೂ ಒಬ್ಬ ಸಹಪಾಠಿಯೂ ಜೊತೆಗಿದ್ದು ಹಳೆಯದನ್ನು ಕಲಿಸುವ ಏರ್ಪಾಟು ಆಗಲಿ. ಇದಕ್ಕೆ ಹಣ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಸಾಕು. ಇದರಿಂದ ಜಾಣ ವಿದ್ಯಾರ್ಥಿಗಳ ಓದು ಕುಂಠಿತವಾಗುವುದೆಂಬ ಭಯ ಬೇಡ. ಅಂದು ಮುಂದಿದ್ದವರೂ ಮೂವತ್ತೈದು ಕಿಲೋಮೀಟರುಗಳನ್ನು ಪೂರ್ತಿಯಾಗಿಯೇ ಕ್ರಮಿಸಿದರು. ಬಿಸಿಲೇರುವ ಮುನ್ನ ಎಲ್ಲರೂ ಮನೆಗೆ ತಿರುಗಿದೆವು.

ಈ ವರ್ಷ ನನ್ನ ತರಗತಿಯಲ್ಲಿ ಈ ಕ್ರಮವನ್ನು ಆರಂಭಿಸಿದ್ದೇನೆ. ಆ ಹುಡುಗನ ಹಳೆಯ ಹಾಜರಿ ಪುಸ್ತಕದಲ್ಲಿದ್ದ ವಿಳಾಸವನ್ನು ಹಿಡಿದು ಎರಡು ಸಲ ಹುಡುಕಿದೆ. ಆ ಗುಡಿಸಲುಗಳು ಈಗ ಅಲ್ಲಿಲ್ಲ. ಈ ಸಂಚಿಕೆ ಹೇಗಾದರೂ ಅವನ ಕೈಸೇರಿದರೆ, ಅವನು ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ನಾನು ಕಾದಿದ್ದೇನೆಂದು ತಿಳಿಯಲಿ.