ಬ್ರೇಕಿಗೆ ಸ್ಟಿಯರಿಂಗ್ ನಡುಗುತ್ತಿದೆಯೇ? ಡಿಸ್ಕ್ ಬದಲಿಸುವ ಮೊದಲು ಅಳತೆ ಮಾಡಿಸಿ

ಹಳೇ ಕಾರಿನ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಗಡಗಡ ನಡುಗಿದರೆ ನಮಗೆ ಸಿಗುವ ಉತ್ತರ ಒಂದೇ: 'ಡಿಸ್ಕ್ ಬೆಂಡ್ ಆಗಿದೆ, ಹೊಸತು ಹಾಕುವ.' ಹೊಸತು ಹಾಕಿದ ಮೇಲೆ ನಡುಕ ನಿಲ್ಲುತ್ತದೆ. ನಾಲ್ಕೈದು ತಿಂಗಳಲ್ಲಿ ಪುನಃ ಶುರು. ಆಗ 'ಈಗಿನ ಮಾಲೇ ಹಾಗೆ' ಎಂಬ ಸಮಾಧಾನ. ಈ ಪದ್ಧತಿ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಅಳೆಯದೆ ಬಿಡಿಭಾಗ ಬದಲಿಸುವುದಕ್ಕೂ ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯುವುದಕ್ಕೂ ಏನೂ ವ್ಯತ್ಯಾಸ ಇಲ್ಲ.

ಕೃಷಿಕರಿಗೆ ಇದ್ಯಾಕೆ ಎಂದು ಕೇಳುವವರಿರಬಹುದು. ನಮ್ಮಂಥವರ ಕಾರು ಶೋಕಿಯದ್ದಲ್ಲ. ಹಿಂಡಿಯ ಚೀಲ, ಅಡಿಕೆ ಗೋಣಿ, ಆಸ್ಪತ್ರೆಗೆ ಹೊರಟ ಅಮ್ಮ, ಎಲ್ಲವೂ ಅದರಲ್ಲೇ. ಮಾರುತಿ 800 ರಸ್ತೆಗಿಳಿದದ್ದು 1983ರ ಕೊನೆಗೆ. 2014ರಲ್ಲಿ ತಯಾರಿಯೇ ನಿಂತಿತು. ಆದರೂ ಹಳ್ಳಿ ರಸ್ತೆಯಲ್ಲಿ ಅದು ಓಡುತ್ತಲೇ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನನ್ನ 800 ಆ ಗಡಿ ದಾಟಿದ್ದು. ತಿಂಗಳಿಗೊಮ್ಮೆ ಶಿರಾಡಿ ಹತ್ತಿ ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿರುವ ಮಗಳ ಮನೆಗೆ ಹೋಗಿಬರುತ್ತದೆ. ಹಿಂದೆ ಬರುವಾಗ ಅದೇ ಘಟ್ಟ ಇಳಿಯಬೇಕು. ಇಳಿಜಾರಿನಲ್ಲಿ ಕೈಯೊಳಗೆ ಸ್ಟಿಯರಿಂಗ್ ಕುಣಿಯುವಾಗ ಅದನ್ನು 'ಸಣ್ಣ ತೊಂದರೆ' ಅನ್ನಲಾಗುವುದಿಲ್ಲ.

ಊರ ಕಡೆಯ ಒಂದು ಗ್ಯಾರೇಜಿನಲ್ಲಿ ಎರಡು ವರ್ಷದಲ್ಲಿ ಎರಡು ಸಲ ಪ್ಯಾಡ್, ಒಂದು ಸಲ ಜೋಡಿ ಡಿಸ್ಕ್ ಬದಲಾಯಿತು. ನಡುಕ ಹೋಗಲಿಲ್ಲ. ಕಡೆಗೆ ವಿಲ್ಸನ್ ಗಾರ್ಡನ್‌ನ ಒಂದು ಅಡ್ಡರಸ್ತೆಯಲ್ಲಿ ಗ್ಯಾರೇಜ್ ಇಟ್ಟುಕೊಂಡ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಬಿಡಿಭಾಗದ ಅಂಗಡಿಗಳ ಸಾಲೇ ಇರುವ ಜೆ.ಸಿ. ರೋಡ್ ಅಲ್ಲಿಗೆ ಹತ್ತಿರ. ಹೊಸ ಡಿಸ್ಕ್ ತರಿಸುವುದು ಅವರಿಗೆ ಕಷ್ಟವೇ ಅಲ್ಲ. ಆದರೆ ಅವರು ಹೊರತೆಗೆದದ್ದು ಡಯಲ್ ಗೇಜ್ ಮತ್ತು ಮೈಕ್ರೋಮೀಟರ್.

ಚಕ್ರ ಬಿಚ್ಚಿ, ಡಿಸ್ಕನ್ನು ನಟ್ಟಿನಿಂದ ಬಿಗಿ ಮಾಡಿ, ಗೇಜಿನ ಮೊನೆ ತಾಗಿಸಿ ಮೆಲ್ಲಗೆ ತಿರುಗಿಸಿದರು. ಎಡ ಡಿಸ್ಕ್ 0.18 ಮಿ.ಮೀ. ವಾಲುತ್ತಿತ್ತು. ಸಾಮಾನ್ಯವಾಗಿ 0.1 ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆಮೇಲೆ ಡಿಸ್ಕಿನ ಸುತ್ತ ಎಂಟು ಕಡೆ ದಪ್ಪ ಅಳೆದರು. ಅತಿ ದಪ್ಪಕ್ಕೂ ಅತಿ ತೆಳುವಿಗೂ 0.03 ಮಿ.ಮೀ. ಅಂತರ. ತಲೆಗೂದಲಿನ ಅರ್ಧದಷ್ಟು! "ಇಷ್ಟೇ ಸಾಕಾ ಮಾರಾಯ್ರೆ?" ಎಂದು ಕೇಳಿದೆ. "ಸಾಕು ಸಾರ್, ಇದಕ್ಕಿಂತ ಕಮ್ಮಿ ಇದ್ರೂ ಕೈಗೆ ಗೊತ್ತಾಗುತ್ತೆ" ಅಂದರು.

ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. 800ರ ಚಕ್ರ ಒಂದು ಸುತ್ತಿಗೆ ಸುಮಾರು 1.6 ಮೀಟರ್ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತು ಸುತ್ತು. ದಪ್ಪದ ಜಾಗ ಪ್ಯಾಡ್‌ಗಳ ನಡುವೆ ಬಂದಾಗಲೆಲ್ಲ ಹಿಡಿತ ಬಿಗಿ, ತೆಳು ಜಾಗ ಬಂದಾಗ ಸಡಿಲ. ಸೆಕೆಂಡಿಗೆ ಹತ್ತು ಸಲ ಎಳೆದು ಬಿಟ್ಟರೆ ಸ್ಟಿಯರಿಂಗ್ ನಡುಗದೆ ಇದ್ದೀತೇ?

ಡಿಸ್ಕ್ ವಾಲಿದ್ದು ಏಕೆ? ಡಿಸ್ಕ್ ಕೂರುವ ಹಬ್ಬಿನ ಮುಖದಲ್ಲಿ ತುಕ್ಕಿನ ಹಕ್ಕಳೆ. ಅಡಿಕೆ ಕೊಯ್ಯುವ ಏಣಿಯ ಒಂದು ಕಾಲಿನಡಿ ಸಣ್ಣ ಕಲ್ಲು ಸಿಕ್ಕಿದರೆ ತುದಿ ಎಷ್ಟು ವಾಲುತ್ತದೆ, ಹಾಗೆ. ಬುಡದ ತುಕ್ಕು ಅಂಚಿನಲ್ಲಿ ದೊಡ್ಡದಾಗುತ್ತದೆ. ವಾಲಿದ ಡಿಸ್ಕ್ ಬ್ರೇಕ್ ಒತ್ತದಿದ್ದಾಗಲೂ ಸುತ್ತಿಗೊಮ್ಮೆ ಪ್ಯಾಡಿಗೆ ಉಜ್ಜುತ್ತದೆ. ಉಜ್ಜಿದ ಜಾಗ ಸಾವಿರಾರು ಕಿ.ಮೀ.ಯಲ್ಲಿ ಸವೆದು ತೆಳುವಾಗುತ್ತದೆ. ತುಕ್ಕು ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಮೊದಲ ಕೆಲವು ತಿಂಗಳು ಸುಖ, ಆಮೇಲೆ ಪುನಃ ಅದೇ ಕಥೆ. ತಪ್ಪು ಮಾಲಿನದ್ದಲ್ಲ.

ಹಬ್ಬಿನ ತುಕ್ಕು ಉಜ್ಜಿ ತೆಗೆದು ಅದೇ ಡಿಸ್ಕ್ ಕೂರಿಸಿದಾಗ ವಾಲು 0.05ಕ್ಕೆ ಇಳಿಯಿತು. ದಪ್ಪ ಕನಿಷ್ಠ ಮಿತಿಗಿಂತ ಸಾಕಷ್ಟು ಮೇಲಿದ್ದುದರಿಂದ ಲೇತ್‌ನಲ್ಲಿ ತೆಳ್ಳಗೆ ಕೆರೆಸಿದರು. ಎಡ ಕ್ಯಾಲಿಪರಿನ ಜಾರುವ ಪಿನ್ ಒಣಗಿ ಹಿಡಿದುಕೊಂಡಿತ್ತು, ಬಿಡಿಸಿ ಬ್ರೇಕಿನದ್ದೇ ಗ್ರೀಸ್ ಹಾಕಿದರು. ವರ್ಷ ದಾಟಿತು, ನಡುಕ ಇಲ್ಲ. ಹೊಸ ಡಿಸ್ಕ್ ಬೇಕಾಗಲೇ ಇಲ್ಲ.

ಗ್ಯಾರೇಜಿಗೆ ಹೋಗುವ ಮೊದಲು ನಾವೇ ಮಾಡಬಹುದಾದ ಪರೀಕ್ಷೆಗಳಿವೆ. ಜನ, ವಾಹನ ಇಲ್ಲದ ನೇರ ರಸ್ತೆ ಆರಿಸಿಕೊಳ್ಳಿ.

ಬ್ರೇಕ್ ಮುಟ್ಟದಿದ್ದರೂ 80ರ ಆಸುಪಾಸಿನಲ್ಲಿ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್, ಟಯರು ನೋಡಿಸಿ. ಬ್ರೇಕಿಗೆ ಮಾತ್ರ ಸ್ಟಿಯರಿಂಗ್ ನಡುಗಿದರೆ ಸಂಶಯ ಮುಂದಿನ ಡಿಸ್ಕಿನ ಮೇಲೆ. ಸ್ಟಿಯರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಡ್ರಮ್ ಗುಂಡಗಿಲ್ಲದಿರಬಹುದು. ಅದಕ್ಕೆ 30 ಕಿ.ಮೀ. ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೆಯಿರಿ. 800ರಂಥ ಕಾರುಗಳಲ್ಲಿ ಅದು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಆಗ ನಡುಗಿದರೆ ದೋಷ ಹಿಂದೆ.

ಗಟ್ಟಿ ನೆಲದಲ್ಲಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ ಅಲ್ಲಾಡಿಸಿ ನೋಡಿ. ಎಡಬಲಕ್ಕೆ ಸಡಿಲವಿದ್ದರೆ ಟೈರಾಡ್ ಎಂಡ್, ಮೇಲೆ ಕೆಳಗೆ ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇವು ಸವೆದಿದ್ದರೆ ಸಣ್ಣ ನಡುಕ ದೊಡ್ಡದಾಗುತ್ತದೆ. ಕಾರಿನಡಿಗೆ ಮಾತ್ರ ನುಸುಳಬೇಡಿ. ಬ್ರೇಕ್ ಒತ್ತಿದಾಗ ಕಾರು ಒಂದೇ ಕಡೆ ಎಳೆದರೆ, ಪೆಡಲ್ ಕೆಳಗೆ ಇಳಿಯುತ್ತಾ ಹೋದರೆ, ಕಬ್ಬಿಣ ಉಜ್ಜುವ ಶಬ್ದ ಬಂದರೆ ಪರೀಕ್ಷೆಯೂ ಬೇಡ, ಓಡಿಸುವುದೂ ಬೇಡ. ಎಬಿಎಸ್ ಇರುವ ಕಾರಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಬಡಿಯುವುದು ಸಹಜ, ಅದನ್ನು ರೋಗ ಎಂದುಕೊಳ್ಳಬೇಡಿ.

ರೋಗ ಬಾರದಂತೆ ನೋಡಿಕೊಳ್ಳುವುದೂ ನಮ್ಮ ಕೈಲಿದೆ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸಬೇಡಿ, ಪ್ಯಾಡಿನಡಿ ಡಿಸ್ಕ್ ತುಕ್ಕು ಹಿಡಿಯುತ್ತದೆ. ಘಟ್ಟ ಹತ್ತುವ ಗೇರಿನಲ್ಲೇ ಇಳಿಯಿರಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ. ಇಳಿದ ಕೂಡಲೇ ಬಿಸಿ ಚಕ್ರಕ್ಕೆ ನೀರು ಹೊಯ್ಯಬೇಡಿ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಒಂದೇ ಏಟಿಗೆ ನಟ್ಟು ಬಿಗಿದರೆ ಡಿಸ್ಕ್ ಸೊಟ್ಟಗೆ ಕೂರಬಹುದು. ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ ಕೈಯಿಂದ ಬಿಗಿಯಲು ಹೇಳಿ.

ಮೆಕ್ಯಾನಿಕರ ಮಾತಿನಲ್ಲೂ ನ್ಯಾಯವಿದೆ. ವಿಲ್ಸನ್ ಗಾರ್ಡನ್‌ನ ಆ ಹಿರಿಯರು ಅಂದರು: "ಡಿಸ್ಕ್ ಬದಲಾಯ್ಸೋದು ಸುಲಭ ಸಾರ್. ಅಳೆಯೋಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಯಾರೂ ಕಾಸು ಕೊಡಲ್ಲ." ನಿಜ. ನಾವು ಸಾಮಾನಿಗೆ ಚೌಕಾಸಿ ಇಲ್ಲದೆ ದುಡ್ಡು ಕೊಡುತ್ತೇವೆ, ತಿಳಿವಳಿಕೆಗೆ ಕೊಡಲು ಹಿಂದೆಮುಂದೆ ನೋಡುತ್ತೇವೆ. ಹಾಗಾಗಿ ಮೆಕ್ಯಾನಿಕ್ ಸಾಮಾನು ಮಾರಿಯೇ ಬದುಕಬೇಕಾಗಿದೆ. ಅಳತೆಯ ಕೂಲಿಯನ್ನು ನಾವು ಬೇರೆಯಾಗಿ ಕೊಡಬೇಕು. ಡಯಲ್ ಗೇಜ್ ಭಾರೀ ದುಬಾರಿಯದ್ದೂ ಅಲ್ಲ. ಪೇಟೆಯ ಲೇತ್ ಅಂಗಡಿಗಳಲ್ಲಿ ಇರುವಂಥದ್ದೇ. ಹಳ್ಳಿ ಗ್ಯಾರೇಜುಗಳೂ ಒಂದು ಇಟ್ಟುಕೊಳ್ಳಲಿ.

ಇನ್ನು ಯಾರಾದರೂ 'ಡಿಸ್ಕ್ ಹೋಗಿದೆ' ಎಂದರೆ ಎರಡೇ ಪ್ರಶ್ನೆ ಕೇಳಿ: ವಾಲು ಎಷ್ಟು? ದಪ್ಪದ ಅಂತರ ಎಷ್ಟು? ಉತ್ತರ ಅಂಕಿಯಲ್ಲಿ ಬಂದರೆ ದುಡ್ಡು ಕೊಡಿ. ಬಾರದಿದ್ದರೆ ಅಳೆಯುವವರನ್ನು ಹುಡುಕಿ.